ಎಂಬತ್ತಕ್ಕೆ ಎಬ್ಬಿಸಿ

ಶಾರ್ಜಾದ ನಹ್ದಾ. ಆ ರಾತ್ರಿ ಒಂದೂ ಮುಕ್ಕಾಲು.
ಸೂಪರ್‌ಮಾರ್ಕೆಟ್ಟಿನ ಹಿಂದೆ, ಖಾಲಿ ಕ್ರೇಟುಗಳ ಪಕ್ಕ
ಎರಡೇ ಎರಡು ಚಾರ್ಜಿಂಗ್ ಕಂಬ;
ಒಂದಕ್ಕೆ ಶುಕ್ರವಾರದಿಂದ ಮೈ ಸರಿಯಿರಲಿಲ್ಲ.
ಬಾಗಿಲು ತೆರೆದರೆ ಆಗಸ್ಟಿನ ಗಾಳಿ
ಕನ್ನಡಕಕ್ಕೆ ಹಬೆ ಬಳಿದು ಹೋಯಿತು.
ನನ್ನ ಕಾರು ಹನ್ನೊಂದರಲ್ಲಿತ್ತು.
ಬೆಳಗಿನ ಐದರಿಂದ ಹದಿನಾಲ್ಕು ಮನೆಗಳಲ್ಲಿ ರಕ್ತ ತೆಗೆಯಬೇಕು,
ಬರಿಹೊಟ್ಟೆಯಲ್ಲಿ ಕಾಯುವ ಸಕ್ಕರೆ ಕಾಯಿಲೆಯವರದು.

ಮುಂದೊಂದು ಬಿಳಿ ಕಾರು. ಕಂಬದ ತೆರೆಯ ಮೇಲೆ: ನೂರು.
ನೂರಾಗಿ ನಲವತ್ತು ನಿಮಿಷ.
ಒಳಗೆ ಯಾರೂ ಇಲ್ಲ.
ಸ್ವಾತ್ ಕಡೆಯ ಲಿಮೋಸಿನ್ ಡ್ರೈವರ್ ಜರ್ವಲಿ
ಪಶ್ತೋದಲ್ಲಿ ಏನೋ ಅಂದ. ಅರ್ಥ ಕೇಳಲಿಲ್ಲ;
ಬೈಗುಳಕ್ಕೆ ಎಲ್ಲ ಭಾಷೆಯಲ್ಲೂ ಒಂದೇ ಉಸಿರು.

ನನಗೆ ಬೆಟಗೇರಿಯ ನಲ್ಲಿ ನೆನಪಾಯಿತು.
ಎಂಟು ದಿನಕ್ಕೊಮ್ಮೆ ನೀರು, ಓಣಿಯುದ್ದ ಕೊಡಗಳ ಪಾಳಿ,
ಕೊಡ ತರದವರದು ಒಂದು ಕಲ್ಲು, ಒಂದು ಚಪ್ಪಲಿ.
ಕಂಠ ಮುಟ್ಟುತ್ತಲೇ ಚಿಗವ್ವ ಕೊಡ ಎಳೆಯುತ್ತಿದ್ದಳು:
"ಬಾಯಿಮಟ ತುಂಬಿದ್ದು ಹಾದ್ಯಾಗ ಚೆಲ್ಲತೈತಿ, ತಗಿಯವ್ವಾ,
ಹಿಂದಿನಾಕಿ ಕೂಸು ಅಳಾಕತ್ತೈತಿ."

ಬ್ಯಾಟರಿಗೂ ಕಂಠವಿದೆ.
ಹತ್ತರಿಂದ ಅರವತ್ತು ಒಂದು ಕರಕ್ ಚಹಾದ ಹೊತ್ತು.
ಎಂಬತ್ತರ ಮೇಲಿನದು
ಹಠದ ಕೂಸಿನ ಕಡೆಯ ತುತ್ತು,
ಬಾಯಲ್ಲೇ ಇಟ್ಟುಕೊಂಡು ಮುಖ ನೋಡುತ್ತದೆ.

ಎರಡೂ ಹತ್ತಕ್ಕೆ ಓಡಿಬಂದ ಬಿಳಿ ಕಾರಿನವನು,
ಪೈಜಾಮ, ಒಂದೇ ಕಾಲಿಗೆ ಸಾಕ್ಸು.
ಹೆಸರು ಹಾನಿ. ಅವನ ಅರಬ್ಬಿಯಲ್ಲಿ ಸುಖಿ ಎಂದರ್ಥವಂತೆ.
ನಮ್ಮಲ್ಲಿ ಏನೆಂದು ನಾನು ಹೇಳಲಿಲ್ಲ.
ಎರಡು ಪಾಳಿ ದುಡಿದು ಬಂದವನು,
ಐದು ನಿಮಿಷ ಒರಗುತ್ತೇನೆ ಅಂದುಕೊಂಡಿದ್ದನಂತೆ.

ವಾಚ್‌ಮನ್ ತಿಲ್ ಬಹಾದುರ್
ಬಿಸ್ಕತ್ತಿನ ಪೆಟ್ಟಿಗೆಯ ರಟ್ಟು ಹರಿದು ಹಂಚಿದ:
ಮಲಗುವವರು ಬರೆದು ಗಾಜಿನ ಹಿಂದಿಡಿ.
ಹಾನಿ ٨٠ ಎಂದು ಬರೆದ. ಅವನ ಸೊನ್ನೆ ಬರೀ ಚುಕ್ಕಿ.
ಜರ್ವಲಿಗೆ ಬರೆಯಲು ಬಾರದು, ರಟ್ಟನ್ನು ನನ್ನತ್ತ ನೂಕಿದ;
ನನ್ನ ಕೈ ತಾನಾಗಿ ಬರೆಯಿತು:
೮೦. ಎಂಬತ್ತಕ್ಕೆ ಎಬ್ಬಿಸಿ.
ಈ ಊರಲ್ಲಿ ಇದನ್ನು ಯಾರು ಓದುತ್ತಾರೆ?
ಮಾರನೆಯ ರಾತ್ರಿ
ಸೆಬುವಿನ ಮಾರಿಟೆಸ್ ಅವನನ್ನು ಸರಿಯಾಗಿ ಎಬ್ಬಿಸಿದಳು.

ಇವತ್ತು ನಾನು ಸೀಟು ಒರಗಿಸಿ ಕಣ್ಣು ಮುಚ್ಚಿದ್ದೆ.
ಗಾಜಿನ ಮೇಲೆ ಉಂಗುರದ ಸದ್ದು, ಎರಡು ಸಲ.
"ಬಾಜಿ, ಅಸ್ಸೀ."
ವೈರು ಬೆಚ್ಚಗಿತ್ತು, ಈಗಷ್ಟೇ ಕರೆದ ಕೆಚ್ಚಲಿನಂತೆ.
ಕೊಕ್ಕೆಗೆ ಹಾಕಲು ಹೋದೆ, ಜರ್ವಲಿ ಕೈ ಚಾಚಿದ;
ನೆಲ ಮುಟ್ಟದೆ ನನ್ನ ಕೈಯಿಂದ ಅವನ ಕೈಗೆ.
ಮೂರೂವರೆಗೆ ಏರ್‌ಪೋರ್ಟ್ ಸವಾರಿ, ಎಂದ,
ರಟ್ಟು ನಿಲ್ಲಿಸಿದ, ಕುಳಿತಲ್ಲೇ ಗೊರಕೆ.

ಹಿಂದೆ ಯಾರೂ ಇರಲಿಲ್ಲ. ತಿಲ್ ಬಹಾದುರ್‌ಗೆ ರಜೆ.
ನಾನು ಹೊರಡಬಹುದಿತ್ತು.
ಎಪ್ಪತ್ತಾರು.
ಕನ್ನಡಕ ಒರೆಸಿಕೊಂಡೆ.
ಎಪ್ಪತ್ತೇಳು.