ಕೂರಿಸುವ ಪಟ್ಟು

ಸೊನ್ನೆಯಿಂದ ಹತ್ತರೊಳಗೆ ಎಷ್ಟು ನೋವು, ಅಂತ ಕೇಳಬೇಕು ನಾನು.
ಅದು ನನ್ನ ಕೆಲಸ. ಫಾರಂನಲ್ಲಿ ಹನ್ನೊಂದು ಚೌಕಗಳಿವೆ.
ದೆಲ್ಮಿರೋ ಟೋಪಿ ತೆಗೆದು ಮೊಣಕಾಲ ಮೇಲಿಟ್ಟು
ಹತ್ತು ಅಂದರೆ ಒಂದು ಗಂಟೆಯ ಕುರಿಗಳೂ ಆಗಲಿಲ್ಲವಲ್ಲ, ಅಂದ.
ನಾನು ಎಂಟು ಎಂದು ಬರೆದುಕೊಂಡೆ.

ದಿನಕ್ಕೆ ನೂರಿಪ್ಪತ್ತು ಕುರಿ. ನಲವತ್ತೊಂದು ವರ್ಷ.
ತಕುವರೆಂಬೋದಿಂದ ದಕ್ಷಿಣಕ್ಕೆ, ಲಾರಿಯ ಹಿಂದೆ ಕೂತು,
ಒಂದು ದೊಡ್ಡಿಯಿಂದ ಇನ್ನೊಂದಕ್ಕೆ,
ಬಗ್ಗಿದವನು ಬಗ್ಗಿಯೇ.
ಈಗ ಸೊಂಟದ ಮೂರು ಮಣಿಗಳು
ಒಂದರ ಮೇಲೊಂದು ಕೂತು ಜಗಳಾಡುತ್ತವೆ,
ಎಡಗಾಲಿಗೆ ಬೆಂಕಿ ಇಳಿಯುತ್ತದೆ, ರಾತ್ರಿ ಎರಡಕ್ಕೆ, ಗಡಿಯಾರ ನೋಡಿಕೊಂಡ ಹಾಗೆ.
ಅಂಗೈ ಮಾತ್ರ ಕೂಸಿನದು:
ಅಷ್ಟು ವರ್ಷದ ಉಣ್ಣೆಯ ಜಿಡ್ಡು.

ಮಾತ್ರೆಗಳು ಹೊಟ್ಟೆ ಕೆಡಿಸಿದವು.
ಪಟ್ಟಿ ಅಂಟಿಸಿದ ವಾರ ಹೆಂಡತಿಯ ಹೆಸರು ಮರೆತ.
ಜುಲ್ಮಾ ಅದನ್ನು ಎರಡು ಸಲ ಹೇಳಿದಳು,
ಎರಡನೆಯ ಸಲ ನಗಲಿಲ್ಲ.

ಕೊನೆಗೆ ಈ ಕಂದು ಸೀಸೆ.
ನಾಲಿಗೆಯಡಿಗೆ ಮೂರು ಹನಿ,
ನುಂಗಬೇಡಿ, ಒಂದು ನಿಮಿಷ ತಡೆಯಿರಿ, ತೋರಿಸಿಕೊಟ್ಟೆ.
ಲೇಬಲ್ಲಿನ ಉದ್ದದ ಹೆಸರು ಅವನು ಓದಲಿಲ್ಲ, ಮೂಸಿದ.
ಮೂಸಿ ಸುಮ್ಮನಾದ.

ಇದಕ್ಕೇ ನನ್ನ ತಮ್ಮ ವಾಲ್ದೆಮಾರನನ್ನು
ಎರಡು ಚಳಿಗಾಲ ಒಳಗಿಟ್ಟಿದ್ದರು.
ಕೋಳಿಗೂಡಿನ ಹಿಂದೆ ನಾಲ್ಕು ಗಿಡ. ಬೇರು ಸಮೇತ ಕಿತ್ತು
ತಕ್ಕಡಿಗೆ ಹಾಕಿದರು. ಮಣ್ಣನ್ನೂ ಸೇರಿಸಿ.
ಮಣ್ಣನ್ನೂ ಸೇರಿಸಿ, ಅಂತ ಜುಲ್ಮಾ ಕಿಟಕಿಗೆ ಹೇಳಿದಳು.
ನಾನು ಸೀಸೆಯ ಮುಚ್ಚಳ ತಿರುಗಿಸುತ್ತ ನಿಂತೆ,
ಆಗಲೇ ಬಿಗಿಯಾಗಿದ್ದ ಮುಚ್ಚಳ.

ಮೂರು ವಾರ. ಐದು ಹನಿ, ಆಮೇಲೆ ಆರು.
ಬಾಯಿ ಒಣಗುತ್ತದಂತೆ. ಒಂದು ಸಂಜೆ
ರೇಡಿಯೋದಲ್ಲಿ ಹವಾಮಾನ ಕೇಳಿ ಬಿದ್ದು ಬಿದ್ದು ನಕ್ಕನಂತೆ.
ಸೊನ್ನೆಯಿಂದ ಹತ್ತರೊಳಗೆ?
ಅಷ್ಟೇ ಇದೆ, ಅಂದ.
ಎಂಟರ ಕೆಳಗೆ ಇನ್ನೊಂದು ಎಂಟು ಬರೆದೆ.

ಪೆನ್ನು ಇಡು ಮಗಳೇ. ಕತ್ತರಿಗೆ ತರುವಾಗ
ಕುರಿಯನ್ನು ಕಟ್ಟುವುದಿಲ್ಲ. ಮುಂಗಾಲಡಿ ಕೈ ಹಾಕಿ,
ತಲೆ ವಾರೆ ತಿರುಗಿಸಿ, ಮನುಷ್ಯರ ಹಾಗೆ
ಕುಂಡಿಯ ಮೇಲೆ ಕೂರಿಸಬೇಕು.
ಕಾಲು ನೆಲಕ್ಕೆ ಸಿಗದ ಕುರಿ ಒದೆಯುವುದಿಲ್ಲ.
ಹಾಗಂತ ಎಲ್ಲೂ ಹೋಗಿರುವುದಿಲ್ಲ. ಬಿಸಿಯಾಗಿ, ಭಾರವಾಗಿ
ನಿನ್ನ ಮೊಣಕಾಲಿಗೇ ಒರಗಿರುತ್ತದೆ, ಕಣ್ಣು ಬಿಟ್ಟುಕೊಂಡು.
ಅಷ್ಟರಲ್ಲಿ ನಿನ್ನ ಕೆಲಸ ಮುಗಿಸಿಕೋಬೇಕು.

ಏನೇನು ಮುಗಿಸಿಕೊಂಡಿರಿ, ಕೇಳಿದೆ.
ನಿದ್ದೆ, ಅಂದ. ಆಮೇಲೆ ಬೂಟಿನ ದಾರ. ನಾನೇ ಬಗ್ಗಿ ಕಟ್ಟಿದೆ.

ಒಂದು ಕಾಲಿನದು, ಅಂದಳು ಜುಲ್ಮಾ.