ಅಂಟು ಇನ್ನೂ ಒಣಗಿಲ್ಲ

ರಿಯೋನಿ ಹೊಳೆಗೆ ಬೆನ್ನು ಮಾಡಿ ಕೂತಿದೆ ನನ್ನ ಅಂಗಡಿ.
ಕುತಾಯಿಸಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವನು ಈಗ ನಾನೊಬ್ಬನೇ.
ಹೆಚ್ಚುಗಾರಿಕೆಯಲ್ಲ ಇದು; ಉಳಿದವರು
ಮೊಬೈಲಿಗೆ ಗಾಜು ಅಂಟಿಸಲು ಹೋದರು.

ಮಂಗಳವಾರ ಜೂಜೂನಾ ಬಂದಳು.
ಭೂಗೋಳದ ಟೀಚರಾಗಿದ್ದವಳು, ನಕಾಶೆ ತಲೆಕೆಳಗೆ ಹಿಡಿದದ್ದಕ್ಕೆ
ಅರ್ಧ ಊರಿನ ಕಿವಿ ಹಿಂಡಿದವಳು.
ಆಲೂಗಡ್ಡೆ ಚೀಲದಿಂದ ಮೂರು ಪುಸ್ತಕ ತೆಗೆದಿಟ್ಟು
"ಪಿಂಚಣಿಯಲ್ಲಿ ಒಂದಕ್ಕೆ ಮಾತ್ರ ದುಡ್ಡಿದೆ, ಒತಿಯಾ.
ಮೂರೂ ನನ್ನ ಜೀವ.
ಇನ್ನೊಮ್ಮೆ ಓದುವುದು ಯಾವುದನ್ನು, ನೀನೇ ಹೇಳು" ಅಂದಳು.

ನಾನು ಹೆಚ್ಚು ಓದಿದವನಲ್ಲ, ಬೆನ್ನು ನೋಡಿ ಹೇಳಬಲ್ಲೆ,
ಸಂತೆಯಲ್ಲಿ ದನದ ಬಾಯಿ ತೆರೆದು ಹಲ್ಲೆಣಿಸುವವರ ಹಾಗೆ.
ಬೆನ್ನ ಮೇಲೆ ನಿಲ್ಲಿಸಿ ಎರಡೂ ಕೈ ಬಿಟ್ಟರೆ ಸಾಕು,
ತಾನಾಗಿ ಎಲ್ಲಿ ಬಾಯಿ ಬಿಡುತ್ತದೋ
ಅಲ್ಲೇ ಓದಿದವರು ಹೆಚ್ಚು ಹೊತ್ತು ಕೂತಿದ್ದು.

ಮೊದಲನೆಯದು ನೂರಾ ಹನ್ನೆರಡರಲ್ಲಿ ಬಿದ್ದುಕೊಂಡಿತು.
ಹುಡುಗಿಯೊಬ್ಬಳು ರೈಲಿನ ಕಿಟಕಿಯಿಂದ ಚಪ್ಪಲಿ ಎಸೆಯುವ ಪುಟ.
ಹುಳಿಪ್ಲಮ್ಮಿನ ಕಲೆ, ಮೂಲೆಯಲ್ಲಿ ಬೆರಳಿನ ಜಿಡ್ಡು.
ಆಚೆಯ ಇನ್ನೂರು ಪುಟ
ಮದುವೆಗೆ ಬಂದ ದೂರದ ನೆಂಟರ ಹಾಗೆ ಗರಿಗರಿ.
"ಇದು ಪುಸ್ತಕವಲ್ಲ ಜೂಜೂನಾ, ಒಂದು ಪುಟ."

ಎರಡನೆಯದು ಮೊದಲ ಹಾಳೆಯಲ್ಲೇ ತೆರೆಯಿತು.
ವಾಲಿಕೋನ ಕೈಬರಹ, ಬಾತೂಮಿ, ಆಗಸ್ಟ್,
ಜೊತೆಗೆ ಹಡಗಿನ ಚಿತ್ರ; ನೋಡಲು ಬಾತುಕೋಳಿ.
ಕತೆಯನ್ನು ಯಾರೂ ಮುಟ್ಟಿಲ್ಲ.
ನಾನೇನೂ ಹೇಳಲಿಲ್ಲ. ಅವಳೂ ಹೇಳಲಿಲ್ಲ.
ಒಲೆಯ ಮೇಲೆ ನೀರು ಕುದಿದು ಕುದಿದು ಕಮ್ಮಿಯಾಯಿತು.

ಮೂರನೆಯದು ನಿಲ್ಲಲೇ ಇಲ್ಲ, ಎಲ್ಲೆಂದರಲ್ಲಿ ಬಿಚ್ಚಿಕೊಂಡಿತು.
ಅಂಚಿನಲ್ಲಿ ನೇರಳೆ ಶಾಯಿ: "ಸುಳ್ಳು!"
ಕೆಳಗೆ ಪೆನ್ಸಿಲು, ಬೇರೆ ವಯಸ್ಸಿನದು: "ಪೂರ್ತಿ ಸುಳ್ಳೇನಲ್ಲ."
ಇನ್ನೂ ಕೆಳಗೆ, ನಡುಗುವ ಬಾಲ್ ಪೆನ್ನು:
"ಸುಳ್ಳು ಅಂದವಳು ಯಾರು ಇಲ್ಲಿ?"

"ಓದುವುದಾದರೆ ಇದನ್ನು" ಅಂದೆ.
ಉರಿದುಬಿದ್ದಳು. "ಇದನ್ನಾ? ಪ್ರತಿ ಸಲ
ಕಾಲು ಕೆರೆದು ಜಗಳಕ್ಕೆ ಬರುತ್ತದೆ ಇದು.
ಅರವತ್ತೊಂಬತ್ತಾಯಿತು ನನಗೆ. ಒಂದು ಪುಟ ಸಾಕು.
ಆ ಹುಡುಗಿ ಇನ್ನೂ ಚಪ್ಪಲಿ ಎಸೆಯುತ್ತಾಳಾ, ನೋಡಬೇಕು."
ಮೊದಲನೆಯದರ ಮೇಲೆ ನೋಟು ಎಣಿಸಿಟ್ಟಳು.
ಎರಡನೆಯದು ಚೀಲಕ್ಕಲ್ಲ, ಕೋಟಿನ ಒಳಜೇಬಿಗೆ ಹೋಯಿತು.
ಮೂರನೆಯದನ್ನು ಮರೆತುಹೋದಳು,
ಇಲ್ಲವೇ ಮರೆತವಳಂತೆ ಹೋದಳು.

ನನ್ನದೂ ಒಂದಿದೆ, ಗೋಂದಿನ ಡಬ್ಬಿಯ ಹಿಂದೆ.
ಹನ್ನೊಂದರಲ್ಲಿ, ದ್ರಾಕ್ಷಿ ತುಳಿಯುವ ಮರದ ತೊಟ್ಟಿಯೊಳಗೆ
ಅಡಗಿ ಕೂತು ಓದಿದ್ದು.
ಆಮೇಲೆ ಮುಟ್ಟಿಲ್ಲ.
ಪುಸ್ತಕ ಹಳಸಿದ್ದರೆ ಹೇಗೋ ಸಹಿಸಬಹುದು;
ಅದಕ್ಕಾಗಿ ಬಿಕ್ಕಿ ಬಿಕ್ಕಿ ಅತ್ತ ಆ ಹುಡುಗ
ಬರೀ ಪೆದ್ದನಾಗಿದ್ದನೆಂದು
ಈ ವಯಸ್ಸಲ್ಲಿ ಯಾಕೆ ತಿಳಿಯಬೇಕು?

ರಾತ್ರಿ ಅವಳ ಜಗಳಗಂಟನನ್ನು ಮನೆಗೊಯ್ದೆ.
ನಿಜ ಹೇಳಬೇಕು, ಕತೆ ಹಿಡಿಸಲಿಲ್ಲ.
ಅಂಚನ್ನಷ್ಟೇ ಓದುತ್ತ ಹೋದೆ. ಇಪ್ಪತ್ತರವಳು, ನಲವತ್ತರವಳು,
ಮೊನ್ನೆ ಮೊನ್ನೆಯವಳು, ಮೂವರೂ
ಒಬ್ಬರ ಮಾತಿಗೊಬ್ಬರು ಅಡ್ಡಬಾಯಿ ಹಾಕುತ್ತ.
ಎಪ್ಪತ್ತೇಳನೆಯ ಪುಟದಲ್ಲಿ ತಡೆಯಲಾಗಲಿಲ್ಲ,
ಪೆನ್ಸಿಲು ಚೂಪು ಮಾಡಿ ಸಣ್ಣಗೆ ಬರೆದೆ:
"ಇಲ್ಲಿ ಅವನದೇ ಸರಿ, ಜೂಜೂನಾ."

ಶುಕ್ರವಾರ ಬಂದಳು. ಮೊದಲನೆಯದು ಸಿದ್ಧವಿತ್ತು,
ಹೊಸ ಕೆಂಪು ಬೆನ್ನು, ಬಿಗಿ ಹೊಲಿಗೆ.
ನನ್ನ ಹಾಗೇ ನಿಲ್ಲಿಸಿ ಎರಡೂ ಕೈ ಬಿಟ್ಟಳು.
ನಿಂತೇ ಇತ್ತು, ಹಲ್ಲು ಕಚ್ಚಿಕೊಂಡು.
ನೂರಾ ಹನ್ನೆರಡು ಅದಕ್ಕೆ ನೆನಪೇ ಇಲ್ಲ.
"ಅಯ್ಯೋ ನಿನ್ನ! ಒಂದರಿಂದ ಹೊರಡಬೇಕಲ್ಲೋ ಈಗ" ಅಂದಳು.
ಬೇಸರವೋ ಖುಷಿಯೋ, ತಿಳಿಯಲಿಲ್ಲ.

ಬಾಗಿಲಲ್ಲಿ ತಿರುಗಿ, "ಮತ್ತೆ, ಆ ಇನ್ನೊಂದು?"
"ಅಂಟು ಇನ್ನೂ ಒಣಗಿಲ್ಲ" ಅಂದೆ.

ಅಂಟು ಹಚ್ಚಿಯೇ ಇರಲಿಲ್ಲ.