ಉಳಿದ ಗಾಳಿ

ಹಟ್ಟಿ ಆಸ್ಪತ್ರೆ, ಹನ್ನೊಂದನೇ ಕೋಣೆ.
ಮೂಗಿಗೆ ಕ್ಲಿಪ್ಪು, ಬಾಯಿಗೆ ರಟ್ಟಿನ ಕೊಳವೆ.
"ಊದ್ರಿ ತಾಯಪ್ಪ, ಇನ್ನಾ, ಇನ್ನಾ, ಬಿಡಬ್ಯಾಡ್ರಿ"
ಕೊರಳ ನರ ಉಬ್ಬಿತು. ಪರದೆಯ ಗೆರೆ
ಒಂದೇ ಉಸಿರಿಗೆ ಗುಡ್ಡ ಹತ್ತಿ
ಇಳಿಯುವಾಗ ಕುಸಿದು ಕೂತಿತು.

ಎರಡು ಲೀಟರು, ಮೇಲೆ ಚಿಲ್ಲರೆ.

ಇಪ್ಪತ್ತಾರು ವರ್ಷ ನೆಲದಡಿ ಡ್ರಿಲ್ಲು ಹಿಡಿದವ
ಕೆಮ್ಮು ಮುಗಿಸಿ ಕೇಳಿದ:
"ಪೂರಾ ಖಾಲಿ ಆದ್ನೇನ್ರಿ?"

ಇಲ್ಲ, ಅಂದೆ. ಎಷ್ಟು ಊದಿದರೂ
ಲೀಟರಿನಷ್ಟು ಒಳಗೇ ಉಳಿಯುತ್ತದೆ,
ಅದು ಈ ಯಂತ್ರಕ್ಕೆ ಸಿಗುವುದಿಲ್ಲ.
ಅದು ಇರುವುದಕ್ಕೇ
ಪುಪ್ಪುಸ ಮುದುಡಿ ಅಂಟಿಕೊಳ್ಳುವುದಿಲ್ಲ.

ಅಂಗಿಯ ಗುಂಡಿ ತಿರುವುತ್ತ ಸ್ವಲ್ಪ ಹೊತ್ತು ಯೋಚಿಸಿದ.
"ದಿನಾ ಪಾಳಿ ಬಿಟ್ಟಾಗ ಗೇಟಿನ್ಯಾಗ
ಮೈಯೆಲ್ಲಾ ತಡವಿ ಬಿಡ್ತಿದ್ರು, ಬಂಗಾರ ಐತೇನಂತ.
ಇದೊಂದು ಸಿಕ್ಕೇ ಇಲ್ಲ ನೋಡ್ರಿ ಅವರಿಗೆ."

ನಕ್ಕ. ನಗೆ ಮತ್ತೆ ಕೆಮ್ಮಾಯಿತು.
ಇನ್ನೂ ಎರಡು ಸಲ ಊದಬೇಕಿತ್ತು.